ಹೊಸರಿತ್ತಿಯ ಆ ನಿರ್ಧಾರ: ಮೈಲಾರ ಮಹದೇವಪ್ಪನವರನ್ನು ಹುತಾತ್ಮ ಅಂದರೆ ಸಾಕೇ?

ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ. ಗಳಗೇಶ್ವರನ ಗುಡಿ ನೋಡೋಕೆ, ಸಂಗಮದಲ್ಲಿ ಕಾಲು ತೊಳೆಯೋಕೆ ಜನ ಅಲ್ಲಿಗೆ ಬರ್ತಾರೆ. ಅಲ್ಲಿಂದ ವರದೆಯ ದಂಡೆ ಹಿಡಿದು ಹರಿವಿಗೆ ಎದುರಾಗಿ ಹೋದರೆ ಅದೇ ಹಾವೇರಿ ತಾಲೂಕಿನ ಹೊಸರಿತ್ತಿ ಸಿಗುತ್ತದೆ. 1943ರ ಏಪ್ರಿಲ್ 1ರಂದು ಆ ಊರಿನ ಕಂದಾಯ ವಸೂಲಿ ಕೇಂದ್ರದ ಮೇಲೆ ಚಳವಳಿಗಾರರ ಒಂದು ತಂಡ ದಾಳಿ ಮಾಡಿತು. ಕಾವಲಿಗಿದ್ದ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಮೈಲಾರ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ತಂಡದ ನಾಯಕ ಮಹದೇವಪ್ಪನವರಿಗೆ ಆಗ 31 ವರ್ಷ.

ಹಾವೇರಿ ಜಿಲ್ಲೆಯಲ್ಲಿ ಶಾಲೆ ಕಲಿತವರಿಗೆಲ್ಲ ಇಷ್ಟು ಗೊತ್ತು. ವರ್ಷಕ್ಕೊಮ್ಮೆ ಹೂಮಾಲೆ ಬೀಳುತ್ತದೆ, ಭಾಷಣ ಆಗುತ್ತದೆ, ಹುತಾತ್ಮ ಅನ್ನುವ ಪದ ಹತ್ತಾರು ಸಲ ಬರುತ್ತದೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವತ್ತು ಅವರು ತೆಗೆದುಕೊಂಡ ನಿರ್ಧಾರ ಸರಿ ಇತ್ತಾ? ಕಾವಲಿರುವ ಜಾಗವನ್ನೇ ಯಾಕೆ ಆರಿಸಿಕೊಂಡರು? ಚಳವಳಿ ಸೊರಗುತ್ತಿದ್ದ ಆ ಹೊತ್ತಿನಲ್ಲೇ ಯಾಕೆ? ನಾಯಕನೇ ಯಾಕೆ ಮುಂದೆ ಹೋಗಬೇಕಿತ್ತು?

ಹೀಗೆ ಕೇಳಿದರೆ ಅಗೌರವ ಅಂತ ನಮಗೆ ಕಲಿಸಿದ್ದಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಸಾಯೋದೇ ಅವರ ಉದ್ದೇಶವಾಗಿತ್ತು ಅನ್ನೋ ಹಾಗೆ ನಾವು ಕತೆ ಹೇಳ್ತೀವಿ. ಮಹದೇವಪ್ಪ ಹೊಸರಿತ್ತಿಗೆ ಸಾಯೋಕೆ ಹೋಗಿರಲಿಲ್ಲ, ಗೆಲ್ಲೋಕೆ ಹೋಗಿದ್ದರು. ಗೆಲ್ಲೋಕೆ ಹೊರಟವನ ಲೆಕ್ಕಾಚಾರವನ್ನು ಗಂಭೀರವಾಗಿ ನೋಡೋದೂ ಗೌರವವೇ.

ಮೋಟೆಬೆನ್ನೂರಿನಿಂದ ದಂಡಿಗೆ

ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ. ಇವತ್ತು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹೋಗುವವರು ಬ್ಯಾಡಗಿ ಕಡೆ ತಿರುಗೋದು ಈ ಊರಿನ ಹತ್ತಿರವೇ. ಆಗ ಇದೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಹರೆಯಕ್ಕೆ ಬರುವ ಹೊತ್ತಿಗೆ ಖಾದಿಯ ಸೆಳೆತ ಹುಡುಗನನ್ನು ಹಿಡಿದಿತ್ತು. ಅದೇ ದಾರಿಯಲ್ಲಿ ಗುಜರಾತಿನ ಸಬರಮತಿ ಆಶ್ರಮ ಸೇರಿದರು.

1930ರ ಮಾರ್ಚ್ 12ರಂದು ಗಾಂಧಿ ದಂಡಿಗೆ ಹೊರಟಾಗ ಜೊತೆಗಿದ್ದವರ ಮೊದಲ ಪಟ್ಟಿಯಲ್ಲಿ 78 ಹೆಸರುಗಳಿದ್ದವು. ಅದರಲ್ಲಿ ಕರ್ನಾಟಕದ್ದು ಒಂದೇ ಹೆಸರು, ಮಹದೇವ ಮಾರ್ತಾಂಡ, ವಯಸ್ಸು 18. ನಮ್ಮ ಮೋಟೆಬೆನ್ನೂರಿನ ಹುಡುಗನೇ.

24 ದಿನ, ಸುಮಾರು 385 ಕಿಲೋಮೀಟರ್. ಆ ನಡಿಗೆಯನ್ನು ಮೆರವಣಿಗೆ ಅಂದುಕೊಳ್ಳಬೇಡಿ. ಅದೊಂದು ತರಬೇತಿ. ದಿನಾ ಪ್ರಾರ್ಥನೆ, ದಿನಾ ನೂಲು ತೆಗೆಯೋದು, ದಿನಾ ಡೈರಿ ಬರೆಯೋದು. ಹೊರಡುವ ಮುಂಚೆಯೇ ಗಾಂಧಿ ವೈಸರಾಯ್‌ಗೆ ಪತ್ರ ಬರೆದು ತಾನೇನು ಮಾಡ್ತೀನಿ ಅಂತ ತಿಳಿಸಿದ್ದರು. ಗುಟ್ಟು ಅನ್ನೋದೇ ಇರಲಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ತನ್ನನ್ನು ಬಂಧಿಸಿದರೆ ಮುಂದೆ ಯಾರು ಅನ್ನೋದನ್ನು ಅವರು ಮೊದಲೇ ತೀರ್ಮಾನಿಸಿದ್ದರು. ಗಾಂಧಿ ಜೈಲಿಗೆ ಹೋದಾಗ ಅಬ್ಬಾಸ್ ತ್ಯಾಬ್ಜಿ ಮುಂದಾದರು, ಅವರೂ ಬಂಧನಕ್ಕೊಳಗಾದಾಗ ಸರೋಜಿನಿ ನಾಯ್ಡು ಬಂದರು. ನಾಯಕ ಮುಂದೆ ನಡೀತಾನೆ, ಆದರೆ ನಾಯಕ ಹೋದರೂ ಸಾಲು ನಿಲ್ಲೋದಿಲ್ಲ. ದಂಡಿಯ ಸಾಲಿನಲ್ಲಿ ನಡೆದ ಹದಿನೆಂಟರ ಹುಡುಗ ಕಣ್ಣಾರೆ ಕಂಡ ನಾಯಕತ್ವ ಇದು.

ಜೈಲಿನಿಂದ ಕೊರಡೂರಿಗೆ

ಉಪ್ಪಿನ ಸತ್ಯಾಗ್ರಹ ಮಹದೇವಪ್ಪನವರನ್ನು ಜೈಲಿಗೂ ಕಳಿಸಿತು. ಬಿಡುಗಡೆಯಾಗಿ ಊರಿಗೆ ಬಂದಾಗ ಅವರು ಸುತ್ತಮುತ್ತಲಿನ ಹಳ್ಳಿಗಳಿಗೆ ಹೀರೋ. ಗಾಂಧಿ ಜೊತೆ ದಂಡಿಗೆ ನಡೆದು ಬಂದವನು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಅದರ ಬಲದ ಮೇಲೆ ಧಾರವಾಡದಲ್ಲೋ ಮುಂಬೈಯಲ್ಲೋ ರಾಜಕಾರಣ ಮಾಡಬಹುದಿತ್ತು. ಅವರು ಹಾವೇರಿ ತಾಲೂಕಿನ ಕೊರಡೂರಿನಲ್ಲಿ ಕೂತು ಖಾದಿ, ಗ್ರಾಮಸೇವೆ ಅಂತ ಕೆಲಸ ಶುರು ಮಾಡಿದರು. ಹೆಂಡತಿ ಸಿದ್ದಮ್ಮ ಬರೀ ಮನೆಯಲ್ಲಿ ಕಾಯ್ತಾ ಕೂತವರಲ್ಲ. ಅವರೂ ಸಬರಮತಿಗೆ ಹೋದವರು, ಅವರೂ ಜೈಲು ಕಂಡವರು.

ಇವರು ಕೆಲಸ ಮಾಡುತ್ತಿದ್ದ ಸೀಮೆಗೆ ಕಂದಾಯದ ರಾಜಕೀಯ ಹೊಸದಲ್ಲ. 1930ರಿಂದ 1932ರವರೆಗಿನ ಚಳವಳಿಯಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ಮತ್ತು ಈ ಕಡೆಯ ಹಿರೇಕೆರೂರಿನ ರೈತರು ಕರ ಕೊಡೋದಿಲ್ಲ ಅಂತ ನಿಂತರು. ಸರ್ಕಾರ ಜಮೀನು ಜಪ್ತಿ ಮಾಡಿತು. ಎಷ್ಟೋ ಕುಟುಂಬಗಳು ಬೀದಿಗೆ ಬಂದವು. ಬ್ರಿಟಿಷ್ ಆಳ್ವಿಕೆ ಅಂದರೆ ಹಳ್ಳಿಯವನ ಪಾಲಿಗೆ ಲಂಡನ್ನೂ ಅಲ್ಲ, ದಿಲ್ಲಿಯೂ ಅಲ್ಲ. ಕುಲಕರ್ಣಿಯ ದಫ್ತರ, ಚಾವಡಿ, ಮಾಮಲೇದಾರ ಕಚೇರಿ, ಅಷ್ಟೇ. ಕಂದಾಯ ಅನ್ನೋದು ಆ ಆಳ್ವಿಕೆಯ ಹೊಟ್ಟೆ. ಅದಕ್ಕೇ ಮುಂದೆ ಹೊಸರಿತ್ತಿಯಲ್ಲಿ ಗುರಿಯಾದದ್ದು ಕಂದಾಯದ ಹಣವೇ ಅನ್ನೋದು ಕಾಕತಾಳೀಯ ಅಂತ ನನಗನ್ನಿಸೋದಿಲ್ಲ.

1942: ಸಿಕ್ಕಿಬೀಳುವವರು ತಪ್ಪಿಸಿಕೊಳ್ಳುವವರಾದರು

1942ರ ಶುರುವಿನಲ್ಲಿ ಜಗತ್ತೇ ಬೇರೆ ಥರ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು, ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಏಪ್ರಿಲ್‌ನಲ್ಲಿ ಜಪಾನಿನ ವಿಮಾನವಾಹಕ ಹಡಗುಗಳು ಹಿಂದೂ ಮಹಾಸಾಗರಕ್ಕೇ ಬಂದವು. ಕೊಲಂಬೊ, ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿದ್ದವು. ಬ್ರಿಟಿಷರು ಇವತ್ತೋ ನಾಳೆಯೋ ಹೋಗ್ತಾರೆ ಅನ್ನೋ ಭಾವನೆ ಹಳ್ಳಿಗಳವರೆಗೂ ಇಳಿದಿತ್ತು. ಆಗಸ್ಟ್ 8ರಂದು ಮುಂಬೈಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಆಯಿತು. ಮರುದಿನ ಬೆಳಗಾಗುವುದರೊಳಗೆ ಗಾಂಧಿ, ನೆಹರೂ, ಪಟೇಲ್ ಎಲ್ಲರೂ ಬಂಧನದಲ್ಲಿದ್ದರು.

ಇನ್ನು ಯಾರೂ ಆದೇಶ ಕೊಡುವವರಿಲ್ಲ. ಊರೂರಿನ ಕಾರ್ಯಕರ್ತ ತಾನೇ ದಂಡನಾಯಕ. ಕರ್ನಾಟಕದಲ್ಲಿ ರಂಗನಾಥ ದಿವಾಕರರಂಥವರು ಭೂಗತರಾಗಿ ಚಳವಳಿ ನಡೆಸಿದರು. ರೈಲು ನಿಲ್ದಾಣ, ತಂತಿ, ಅಂಚೆ, ಚಾವಡಿ, ಕಂದಾಯದ ದಾಖಲೆಗಳು ಗುರಿಯಾದವು. ಸರ್ಕಾರದ ಆಸ್ತಿ ನಾಶವಾಗಲಿ, ಆದರೆ ಜೀವಹಾನಿ ಆಗಬಾರದು ಅನ್ನೋ ಗೆರೆಯನ್ನು ಇಲ್ಲಿನ ಭೂಗತ ನಾಯಕತ್ವ ಹಾಕಿಕೊಂಡಿತ್ತು.

ಮಹದೇವಪ್ಪನವರ ಬದುಕಿನ ಅತಿ ದೊಡ್ಡ ನಿರ್ಧಾರ ಈ ಹೊತ್ತಿನದು, ಹೊಸರಿತ್ತಿ ಅದರ ಮುಂದುವರಿಕೆ. ಸತ್ಯಾಗ್ರಹಿ ಅಂದರೆ ತಾನಾಗಿ ಹೋಗಿ ಬಂಧನಕ್ಕೆ ಒಳಗಾಗುವವನು. ಅದೇ ಅವನ ಆಯುಧ. ಈಗ ಅದೇ ಮನುಷ್ಯ ತಲೆಮರೆಸಿಕೊಂಡು, ಊರಿಂದ ಊರಿಗೆ ಓಡಾಡುತ್ತಾ, ಸಿಕ್ಕಿಬೀಳದ ಹಾಗೆ ಕೆಲಸ ಮಾಡಬೇಕು. ದಂಡಿಯಲ್ಲಿ ಕಲಿತ ಪಾಠದ ಅರ್ಧವನ್ನು, ಅಂದರೆ ಕೊಲ್ಲಬಾರದು ಅನ್ನೋದನ್ನು, ಈ ಚಳವಳಿ ಇಟ್ಟುಕೊಂಡಿತು. ಇನ್ನರ್ಧವನ್ನು, ಅಂದರೆ ಮುಚ್ಚಿಡಬಾರದು ಅನ್ನೋದನ್ನು, ಕೈಬಿಟ್ಟಿತು.

ಇದರ ಬೆಲೆ ಏನು ಅಂತ ತಿಳಿಯೋಕೆ 1930ರ ಮೇ 21ರ ಧರಾಸನವನ್ನು ನೆನಪಿಸಿಕೊಳ್ಳಿ. ಅಲ್ಲೂ ಸರ್ಕಾರದ ಉಪ್ಪಿನ ಉಗ್ರಾಣದ ಮೇಲೆ ಕೊಲ್ಲದವರ ದಾಳಿಯೇ ನಡೆದದ್ದು. ಸಾಲುಸಾಲಾಗಿ ನಡೆದು ಹೋದವರ ತಲೆಗೆ ಪೊಲೀಸರ ಲಾಠಿ ಬಿತ್ತು. ಆದರೆ ಅದು ಹಾಡಹಗಲು, ಮೊದಲೇ ಸಾರಿದ ದಾಳಿ. ಅಮೆರಿಕದ ಪತ್ರಕರ್ತ ವೆಬ್ ಮಿಲ್ಲರ್ ನಿಂತು ನೋಡಿದ, ಬರೆದ. ಆ ವರದಿ ಲೋಕಕ್ಕೆಲ್ಲ ಮುಟ್ಟಿತು. ಪೆಟ್ಟು ತಿಂದವರನ್ನು ಗೆಲ್ಲಿಸಿದ್ದು ನೋಡುವ ಕಣ್ಣುಗಳು. ಹೊಸರಿತ್ತಿಯಲ್ಲಿ ಆ ಕಣ್ಣುಗಳಿರಲಿಲ್ಲ. ಯುದ್ಧಕಾಲ, ಪತ್ರಿಕೆಗಳ ಮೇಲೆ ಸೆನ್ಸಾರ್, ಮೇಲಾಗಿ ಗುಟ್ಟಿನ ಕಾರ್ಯಾಚರಣೆ. ಸತ್ಯಾಗ್ರಹಿಗೆ ಇರುವ ರಕ್ಷಣೆ ಲೋಕದ ಸಾಕ್ಷಿ. ಗೆರಿಲ್ಲಾಗೆ ಇರುವ ರಕ್ಷಣೆ ಕೊಲ್ಲುವ ತಯಾರಿ. ಮಹದೇವಪ್ಪನವರ ತಂಡ ಇವೆರಡೂ ಇಲ್ಲದ ಜಾಗದಲ್ಲಿ ನಿಂತಿತ್ತು.

ಏಪ್ರಿಲ್ 1ರ ಹಿಂದಿನ ಏಳು ವಾರ

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದ ಗಾಂಧಿ ಉಪವಾಸ ಮಾಡಿದರು. ಸರ್ಕಾರ ಜಗ್ಗಲಿಲ್ಲ. ಮಾರ್ಚ್ ಎರಡನೇ ವಾರ ಪಕ್ಕದ ಮೈಸೂರು ಸಂಸ್ಥಾನದಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿದರು. ಅಷ್ಟರಲ್ಲಿ 1942ರ ಆಗಸ್ಟ್‌ನ ಬಿಸಿ ದೇಶದ ಬಹುಭಾಗದಲ್ಲಿ ಆರುತ್ತಾ ಬಂದಿತ್ತು. ಜೈಲುಗಳು ತುಂಬಿದ್ದವು.

ಇಂಥ ಹೊತ್ತಿನಲ್ಲಿ ನಾಯಕನಾದವನ ಮುಂದೆ ಎರಡೇ ಯೋಚನೆ ಬರುತ್ತವೆ. ಒಂದು, ಸುಮ್ಮನಿದ್ದು ಇರುವ ಶಕ್ತಿ ಉಳಿಸಿಕೊಳ್ಳೋದು. ಇನ್ನೊಂದು, ದೊಡ್ಡದೊಂದು ಪೆಟ್ಟು ಕೊಟ್ಟು ಚಳವಳಿ ಸತ್ತಿಲ್ಲ ಅಂತ ತೋರಿಸೋದು. ಮಹದೇವಪ್ಪ ಎರಡನೆಯದನ್ನು ಆರಿಸಿದರು. ಆರಿಸಿದ ಊರು ಹೊಸರಿತ್ತಿ, ಕಾಂಗ್ರೆಸ್ ನಾಯಕ ಗುದ್ಲೆಪ್ಪ ಹಳ್ಳಿಕೇರಿಯವರ ಊರು, ರಾಷ್ಟ್ರೀಯ ಚಳವಳಿ ಬೇರು ಬಿಟ್ಟಿದ್ದ ನೆಲ. ಗುರಿ ಕಂದಾಯದ ಹಣ. ಅದಕ್ಕೆ ಶಸ್ತ್ರ ಹಿಡಿದ ಪೊಲೀಸರ ಕಾವಲು. ತಂಡದ ಮುಂದೆ ಸ್ವತಃ ಅವರೇ.

ಮುಂದಿನದು ನಿಮಗೆ ಗೊತ್ತು. ಗುಂಡಿಗೆ ಬಿದ್ದವರು ಮೂವರು, ಮೂವರೂ ಚಳವಳಿಯವರೇ.

ಬೇರೆ ದಾರಿಗಳಿದ್ದವೇ?

ಹಿಂದಿನ ವರ್ಷದ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ಜಪಾನಿನ ಅಡ್ಮಿರಲ್ ನಾಗುಮೊ ಒಂದು ನಿರ್ಧಾರ ತಗೊಂಡಿದ್ದ. ಶತ್ರು ಹಡಗುಗಳು ಕಂಡಿವೆ ಅಂತ ಸುದ್ದಿ ಬಂದಾಗ, ಇರುವ ವಿಮಾನಗಳನ್ನು ತಕ್ಷಣ ಕಳಿಸದೆ, ವಾಪಸಾಗುತ್ತಿದ್ದ ವಿಮಾನಗಳನ್ನು ಮೊದಲು ಇಳಿಸಿಕೊಂಡು, ಆಯುಧ ಬದಲಿಸಿ, ಪೂರ್ತಿ ತಯಾರಾಗಿ ಹೊಡೆಯೋಣ ಅಂದುಕೊಂಡ. ಆ ತಯಾರಿ ಮುಗಿಯುವ ಮುಂಚೆಯೇ ಅಮೆರಿಕದ ವಿಮಾನಗಳು ಮೇಲಿದ್ದವು. ಜಪಾನ್ ನಾಲ್ಕು ವಿಮಾನವಾಹಕ ಹಡಗು ಕಳಕೊಂಡಿತು. ಅವನು ಕಾಯದಿದ್ದರೆ ಏನಾಗ್ತಿತ್ತು ಅಂತ ಇವತ್ತಿಗೂ ಪುಸ್ತಕಗಳು ಬರ್ತಾನೇ ಇವೆ. ಆ ಚರ್ಚೆಯಿಂದ ನಾಗುಮೊ ಸಣ್ಣವನಾಗಲಿಲ್ಲ, ಅವನನ್ನು ಮನುಷ್ಯನ ಹಾಗೆ ನೋಡೋಕೆ ಸಾಧ್ಯವಾಯಿತು. ನಮ್ಮವರಿಗೂ ಅದೇ ಮರ್ಯಾದೆ ಕೊಡೋಣ.

ಮೊದಲನೆಯದು, ಕೊಲ್ಲೋಕೂ ತಯಾರಾಗಿ ಹೋಗಿದ್ದರೆ? ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಶಿಕಾರಿಪುರ ತಾಲೂಕಿನ ಈಸೂರು 1942ರ ಸೆಪ್ಟೆಂಬರ್‌ನಲ್ಲಿ ತನ್ನದೇ ಸರ್ಕಾರ ಘೋಷಿಸಿಕೊಂಡಿತು. ಘರ್ಷಣೆಯಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿನ ಮೇಲೆ ಪಡೆ ಬಂತು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು, ಐವರು ನೇಣಿಗೆ ಹೋದರು. ಹೊಸರಿತ್ತಿಯಲ್ಲಿ ಒಬ್ಬ ಪೊಲೀಸ್ ಸತ್ತಿದ್ದರೂ ಆ ಊರು, ಕೊರಡೂರು, ಸುತ್ತಲಿನ ಹಳ್ಳಿಗಳು ಅದೇ ದಂಡ ತೆರಬೇಕಾಗುತ್ತಿತ್ತು ಅಂತ ಊಹಿಸೋದು ಕಷ್ಟವಲ್ಲ. ಕೊಲ್ಲಬಾರದು ಅನ್ನೋ ಗೆರೆ ಬರೀ ಆದರ್ಶದ ಮಾತಾಗಿರಲಿಲ್ಲ. ಊರುಗಳನ್ನು ಕಾಪಾಡುವ ಲೆಕ್ಕವೂ ಅದರಲ್ಲಿತ್ತು.

ಎರಡನೆಯದು, ಬಹಿರಂಗವಾಗಿ ಹೋಗಿದ್ದರೆ? ನೂರಾರು ಜನರನ್ನು ಸೇರಿಸಿ ಹಗಲಿನಲ್ಲೇ ಚಾವಡಿಗೆ ನಡೆದಿದ್ದರೆ? 1930ರಲ್ಲಾದರೆ ಇದೇ ಸರಿಯಾದ ದಾರಿ. ಆದರೆ 1942ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಮೆರವಣಿಗೆಯ ಮೇಲೆ ಹಾರಿದ ಗುಂಡಿಗೆ ನಾರಾಯಣ ಡೋಣಿ ಅನ್ನೋ ಬಾಲಕ ಸತ್ತಿದ್ದ. ಯುದ್ಧದ ಭಯದಲ್ಲಿದ್ದ ಸರ್ಕಾರಕ್ಕೆ ನಾಚಿಕೆ ಹುಟ್ಟಿಸೋದು ಸುಲಭವಿರಲಿಲ್ಲ. ಆ ದಾರಿಯಲ್ಲಿ ಮೂವರ ಬದಲು ಮೂವತ್ತು ಜನ ಸಾಯುವ ಸಾಧ್ಯತೆಯೂ ಇತ್ತು.

ಮೂರನೆಯದು, ಕಾದಿದ್ದರೆ? ಇದೇ ಮನಸ್ಸಿಗೆ ಹೆಚ್ಚು ಚುಚ್ಚುವ ಪ್ರಶ್ನೆ. 1944ರ ಮೇನಲ್ಲಿ ಗಾಂಧಿ ಬಿಡುಗಡೆಯಾದರು. ಭೂಗತರಾಗಿದ್ದವರು ಹೊರಗೆ ಬರಲಿ ಅಂತ ಸಲಹೆ ಕೊಟ್ಟರು. ದಿವಾಕರರೂ ಅದೇ ವರ್ಷ ಹೊರಬಂದು ಶರಣಾದರು, ಮುಂದೆ ಕೇಂದ್ರ ಮಂತ್ರಿಯಾದರು, ಬಿಹಾರದ ರಾಜ್ಯಪಾಲರಾದರು. ಹೊಸರಿತ್ತಿಯಿಂದ ಅಲ್ಲಿಗೆ ಬರೀ ಹದಿಮೂರು ತಿಂಗಳು. ಸ್ವಾತಂತ್ರ್ಯ ಬಂದಾಗ ಮಹದೇವಪ್ಪನವರಿಗೆ 36 ವರ್ಷ ಆಗಿರುತ್ತಿತ್ತು. ಆದರೆ 1943ರ ಏಪ್ರಿಲ್‌ನಲ್ಲಿ ಕೂತವನಿಗೆ 1944ರ ಮೇ ಕಾಣುವುದಿಲ್ಲ. ಕಾಣುತ್ತಿದ್ದದ್ದು ಸೊರಗುತ್ತಿರುವ ಚಳವಳಿ, ತುಂಬಿದ ಜೈಲು, ಈಸೂರಿನ ಗಲ್ಲು. ನಮಗೆ ಗೊತ್ತಿರುವ ಮುಂದಿನ ಕತೆಯನ್ನು ಅವರ ತಲೆಯಲ್ಲಿಟ್ಟು ತೀರ್ಪು ಕೊಡೋದು ಮೋಸ.

ನಾಲ್ಕನೆಯದು, ನಾಯಕ ಹಿಂದೆ ಉಳಿದಿದ್ದರೆ? ಮಹಾರಾಷ್ಟ್ರದ ಸತಾರಾ ಜಿಲ್ಲೆಯನ್ನು ನೋಡಿ. ಅಲ್ಲಿ ನಾನಾ ಪಾಟೀಲರು ಮತ್ತು ಸಂಗಾತಿಗಳು ಪ್ರತಿಸರ್ಕಾರ ಕಟ್ಟಿದರು. ಹೊಸರಿತ್ತಿ ನಡೆದ ಎರಡೇ ತಿಂಗಳಿಗೆ, 1943ರ ಜೂನ್‌ನಲ್ಲಿ, ಶೇಣೋಲಿ ಹತ್ತಿರ ಅವರ ತೂಫಾನ್ ಸೇನೆ ರೈಲು ತಡೆದು ಸರ್ಕಾರಿ ಹಣ ದೋಚಿತು. ಅವರಿಗೆ ತಮ್ಮದೇ ನ್ಯಾಯಪಂಚಾಯಿತಿ ಇತ್ತು, ಊರೂರಲ್ಲಿ ಅಡಗಿಸಿಡುವ ಮನೆಗಳಿದ್ದವು, ಒಬ್ಬ ಹೋದರೆ ಇನ್ನೊಬ್ಬ ಇದ್ದ. ಬಲಪ್ರಯೋಗಕ್ಕೂ ಅವರು ಹಿಂಜರಿಯಲಿಲ್ಲ. 1946ರವರೆಗೆ ಅದು ನಡೆಯಿತು. ನಾನಾ ಪಾಟೀಲರು ಬದುಕಿ ಉಳಿದರು, ಮುಂದೆ ಲೋಕಸಭೆಗೂ ಹೋದರು.

ನನ್ನ ಪ್ರಕಾರ ತಪ್ಪು ಇದ್ದರೆ ಅದು ಈ ನಾಲ್ಕನೆಯದರಲ್ಲಿದೆ. ಕೊಲ್ಲದಿರುವ ನಿಯಮ ತಪ್ಪಲ್ಲ, ಕಂದಾಯವನ್ನು ಗುರಿ ಮಾಡಿದ್ದೂ ತಪ್ಪಲ್ಲ. ಆದರೆ ಇಡೀ ಸೀಮೆಯ ಚಳವಳಿಯ ಭಾರ ಹೊತ್ತ ಮನುಷ್ಯನೇ ಕಾವಲುಗಾರರ ಬಂದೂಕಿನ ಮುಂದೆ ಹೋದದ್ದು ತಪ್ಪು. ದಂಡಿಯಲ್ಲಿ ಗಾಂಧಿ ಮುಂದೆ ನಡೆಯಬಹುದಿತ್ತು, ಯಾಕೆಂದರೆ ಹಿಂದೆ ತ್ಯಾಬ್ಜಿ ಇದ್ದರು, ನಾಯ್ಡು ಇದ್ದರು. ಗುಟ್ಟಿನ ಹೋರಾಟದಲ್ಲಿ ಅಂಥ ಸಾಲನ್ನು ಕಟ್ಟೋದು ಕಷ್ಟ. ಬಹಿರಂಗ ಚಳವಳಿಯ ನಾಯಕತ್ವದ ರೀತಿಯನ್ನು ಭೂಗತ ಚಳವಳಿಗೆ ಹಾಗೇ ತಂದಾಗ ಆದದ್ದು ಇದು.

ಆದರೂ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೇರೆಯವರನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿಯುವ ಮಹದೇವಪ್ಪನನ್ನು ಆ ಹುಡುಗರು ನಂಬಿ ಬರ್ತಿದ್ದರಾ? ಜನ ಅವರನ್ನು ಹಿಂಬಾಲಿಸಿದ್ದೇ ಅವರು ಮೊದಲ ಹೆಜ್ಜೆ ತಾವೇ ಇಡುತ್ತಿದ್ದರು ಅನ್ನೋ ಕಾರಣಕ್ಕೆ. ಅವರನ್ನು ನಾಯಕರನ್ನಾಗಿ ಮಾಡಿದ ಗುಣವೇ ಅವರನ್ನು ಬಂದೂಕಿನ ಮುಂದೆ ನಿಲ್ಲಿಸಿತು.

ಮೂರು ಹೆಸರು, ಒಂದು ಬೋರ್ಡು

ಹಾವೇರಿಯಲ್ಲಿ ಇವತ್ತು ವೀರಸೌಧವಿದೆ. ಹಾವೇರಿ ರೈಲು ನಿಲ್ದಾಣಕ್ಕೆ ಮಹದೇವಪ್ಪ ಮೈಲಾರ ಅವರ ಹೆಸರಿಟ್ಟಿದ್ದಾರೆ. ರೈಲು ನಿಲ್ದಾಣಗಳನ್ನೇ ಗುರಿ ಮಾಡಿದ್ದ ಚಳವಳಿಯ ನಾಯಕನ ಹೆಸರು ಈಗ ನಿಲ್ದಾಣದ ಮೇಲಿದೆ. ಇದು ಖುಷಿಯ ವಿಷಯವೇ.

ಆದರೆ ಅವತ್ತು ಸತ್ತವರು ಮೂವರು. ತಿರಕಪ್ಪ ಮಡಿವಾಳರ ಅನ್ನೋ ಹೆಸರಿನಲ್ಲೇ ಕಾಯಕವಿದೆ. ವೀರಯ್ಯ ಹಿರೇಮಠ ಅನ್ನೋ ಹೆಸರಿನಲ್ಲೇ ಮಠವಿದೆ. ಜಾತಿಯ ಏಣಿಯಲ್ಲಿ ಬೇರೆ ಬೇರೆ ಮೆಟ್ಟಿಲಿನ ಮನೆಗಳಿಂದ ಬಂದವರು ಒಬ್ಬರ ಪಕ್ಕ ಒಬ್ಬರು ನಿಂತು ಬಿದ್ದರು. ನಾಯಕನ ನಿರ್ಧಾರದ ಬೆಲೆಯನ್ನು ನಾಯಕನೊಬ್ಬನೇ ಕಟ್ಟಿದ್ದಲ್ಲ. ಇವರಿಬ್ಬರೂ ಕಟ್ಟಿದರು, ಬದುಕಿ ಉಳಿದ ಸಿದ್ದಮ್ಮ ಕಟ್ಟಿದರು, ಆ ಇಬ್ಬರ ಮನೆಯವರೂ ಕಟ್ಟಿದರು. ನೆನಪು ಮಾತ್ರ ಹೆಚ್ಚಿನ ಪಾಲು ಒಂದೇ ಹೆಸರಿಗೆ ಹೋಯಿತು.

ನೀವು ಇವತ್ತು ಯಾವುದಾದರೂ ಹೋರಾಟದಲ್ಲಿದ್ದರೆ, ಅದು ಜಮೀನಿನದ್ದಿರಲಿ, ಕಾಲೇಜಿನದ್ದಿರಲಿ, ನೀರಿನದ್ದಿರಲಿ, ಈ ಕತೆಯಿಂದ ಮೂರು ಪ್ರಶ್ನೆ ತಗೊಂಡು ಹೋಗಬಹುದು. ನಮ್ಮ ಮೇಲೆ ಪೆಟ್ಟು ಬಿದ್ದಾಗ ನೋಡೋರು ಯಾರು? ಮುಂದೆ ನಿಂತವರು ನಾಳೆ ಇಲ್ಲದಿದ್ದರೆ ಮುಂದಿನವರು ಯಾರು? ನಮ್ಮ ನಿರ್ಧಾರಕ್ಕೆ ಬೆಲೆ ಕಟ್ಟುವವರನ್ನು ನಿರ್ಧಾರ ಮಾಡುವಾಗ ಕೂರಿಸಿಕೊಂಡಿದ್ದೀವಾ?

ಮುಂದಿನ ಸಲ ನಿಮ್ಮ ರೈಲು ಹಾವೇರಿಯಲ್ಲಿ ನಿಂತಾಗ ಬೋರ್ಡಿನ ಮೇಲೆ ಒಂದು ಹೆಸರು ಕಾಣುತ್ತದೆ. ಪಕ್ಕದಲ್ಲಿ ಕೂತವರು ಯಾರು ಅಂತ ಕೇಳಿದರೆ ಮೂರೂ ಹೆಸರು ಹೇಳಿ.